ಆನ್‌ಲೈನ್ ಪೋಕರ್: ಒಳ್ಳೆ ಟೇಬಲ್ ಯಾವುದು? ಅದು ಯಾರಿಗೆ ಒಳ್ಳೆಯದು?

ಚೆನ್ನೈ: ಪೋಕರ್‌ನಲ್ಲಿ ಕೈಗೆ ಬರುವ ಎಲೆ ಅದೃಷ್ಟ. ಆದರೆ ಯಾವ ಟೇಬಲ್‌ನಲ್ಲಿ ಕೂರಬೇಕು ಎಂಬುದು ಆಟಗಾರನ ಆಯ್ಕೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಆ ಆಯ್ಕೆಯ ಅರ್ಥವೇ ಬದಲಾಗಿದೆ. ಟೇಬಲ್ ಆಯ್ಕೆ ಎಂದರೇನು, ಮದ್ರಾಸ್ ಹೈಕೋರ್ಟ್ ಏನು ಹೇಳಿತ್ತು, ಈಗ ಉಳಿದಿರುವುದೇನು? ಮಾಹಿತಿ ಇಲ್ಲಿದೆ.

ಟೇಬಲ್ ಆಯ್ಕೆ ಹೇಗೆ?

ಪೋಕರ್‌ನಲ್ಲಿ ನೀವು ಆಡುವುದು ಕಂಪನಿಯ ವಿರುದ್ಧವಲ್ಲ, ಎದುರು ಕೂತವರ ವಿರುದ್ಧ. ಹಾಗಾಗಿ ನಿಮಗಿಂತ ಕಡಿಮೆ ತಿಳಿದವರು ಕೂತಿರುವುದೇ ಒಳ್ಳೆ ಟೇಬಲ್. ಪಳಗಿದವರು ನೋಡುವುದು ಇವನ್ನು:

* ಲಾಬಿಯ ಅಂಕಿ: ಮೊದಲ ಮೂರು ಎಲೆ ತೆರೆಯುವ ಹಂತವೇ ಫ್ಲಾಪ್. ಒಂದೇ ಮೊತ್ತದ ಎರಡು ಟೇಬಲ್‌ಗಳಲ್ಲಿ ಫ್ಲಾಪ್‌ವರೆಗೆ ಹೆಚ್ಚು ಜನ ಉಳಿಯುವ ಟೇಬಲ್‌ನಲ್ಲಿ ಕೆಟ್ಟ ಎಲೆಗೂ ಹಣ ಹಾಕುವವರು ಹೆಚ್ಚು ಎಂದರ್ಥ.

* ಸೀಟು: ಪದೇ ಪದೇ ಮೊತ್ತ ಏರಿಸುವವರು ನಿಮ್ಮ ಬಲಕ್ಕಿರಲಿ. ಆಗ ಅವರ ನಡೆ ನೋಡಿ ನೀವು ತೀರ್ಮಾನಿಸಬಹುದು.

* ರೇಕ್: ಪ್ರತಿ ಪಾಟ್‌ನಿಂದ ಕಂಪನಿ ಮುರಿದುಕೊಳ್ಳುವ ಪಾಲು. ಶೇ 5 ಎಂದುಕೊಳ್ಳಿ. ಸಾವಿರ ರೂಪಾಯಿಯ 40 ಪಾಟ್ ನಡೆದರೆ 2,000 ರೂಪಾಯಿ ಟೇಬಲ್‌ನಿಂದಲೇ ಹೊರಹೋಗುತ್ತದೆ. ಗೆದ್ದವರು, ಸೋತವರು ಎಲ್ಲರ ಹಣ ಸೇರಿಸಿದರೂ ತಂದದ್ದಕ್ಕಿಂತ ಕಡಿಮೆ.

* ಏಳುವ ಸಮಯ: ದುರ್ಬಲ ಆಟಗಾರರು ಎದ್ದು ಹೋದರೆ ಟೇಬಲ್ ಬದಲಿಸಬೇಕು. ಸೋತ ಹಣ ವಾಪಸ್ ಪಡೆಯಲು ಅಲ್ಲೇ ಕೂರುವುದು ದೊಡ್ಡ ತಪ್ಪು.

ಇಲ್ಲೇ ಇದೆ ಇನ್ನೊಂದು ಮುಖ. ಒಬ್ಬರಿಗೆ ಒಳ್ಳೆ ಟೇಬಲ್ ಎಂದರೆ ಅಲ್ಲಿ ಇನ್ನೊಬ್ಬರು ಸೋಲುತ್ತಿದ್ದಾರೆ ಎಂದೇ ಅರ್ಥ. ಈ ಲೆಕ್ಕ ಗೊತ್ತಿಲ್ಲದೆ ಕೂತವರಿಗಾಗಿಯೇ ಬೇರೆಯವರು ಟೇಬಲ್ ಹುಡುಕುತ್ತಿರುತ್ತಾರೆ.

ಕೋರ್ಟ್‌ನಲ್ಲಿ ನಡೆದದ್ದೇನು?

ಕೌಶಲವೋ, ಅದೃಷ್ಟವೋ ಎಂಬ ಪ್ರಶ್ನೆ ಚೆನ್ನೈನಲ್ಲಿ ವರ್ಷಗಟ್ಟಲೆ ನಡೆಯಿತು. ತಮಿಳುನಾಡಿನ ಮೊದಲ ನಿಷೇಧವನ್ನು ಮದ್ರಾಸ್ ಹೈಕೋರ್ಟ್ 2021ರ ಆಗಸ್ಟ್ 3ರಂದು ರದ್ದುಪಡಿಸಿತು. ಕರ್ನಾಟಕದ ಇದೇ ಬಗೆಯ ತಿದ್ದುಪಡಿಯ ನಿಷೇಧವನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ತಳ್ಳಿಹಾಕಿತು.

ಬಳಿಕ ನ್ಯಾ. ಕೆ. ಚಂದ್ರು ಸಮಿತಿಯ ವರದಿ ಆಧರಿಸಿ ತಮಿಳುನಾಡು ತಂದ ಹೊಸ ಕಾಯ್ದೆ ರಮ್ಮಿ ಮತ್ತು ಪೋಕರ್ ಅನ್ನು ಅದೃಷ್ಟದ ಆಟಗಳ ಪಟ್ಟಿಗೆ ಸೇರಿಸಿತ್ತು. 2023ರ ನವೆಂಬರ್ 9ರಂದು ಹೈಕೋರ್ಟ್ ಕಾಯ್ದೆಯನ್ನು ಉಳಿಸಿಕೊಂಡಿತು. ಆದರೆ ಈ ಎರಡೂ ಕೌಶಲದ ಆಟಗಳು, ಅವಕ್ಕೆ ಆ ಪಟ್ಟಿ ಅನ್ವಯಿಸದು ಎಂದಿತು. ಸರ್ಕಾರ ನಿಯಂತ್ರಣ ಹೇರಬಹುದು ಎಂದೂ ಹೇಳಿತು.

ಅದರಂತೆ 2025ರ ಫೆಬ್ರವರಿಯಲ್ಲಿ ನಿಯಮ ಬಂತು: 18 ವರ್ಷದೊಳಗಿನವರಿಗೆ ಅವಕಾಶವಿಲ್ಲ, ಆಧಾರ್ ಮೂಲಕ ಗುರುತು ದೃಢೀಕರಣ, ಮಧ್ಯರಾತ್ರಿ 12ರಿಂದ ಬೆಳಗಿನ ಜಾವ 5ರವರೆಗೆ ಆಟ ಬಂದ್. ಜೂನ್ 3ರಂದು ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು.

ಕೇಂದ್ರದ ಕಾಯ್ದೆ ಏನು ಹೇಳುತ್ತದೆ?

ಮೂರು ತಿಂಗಳೊಳಗೆ ಬಂದ ಕೇಂದ್ರದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟ ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಹೀರಾತು ನೀಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಕಾಯ್ದೆ ಪ್ರಶ್ನಿಸಿ ಕರ್ನಾಟಕ ಸೇರಿದಂತೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 8ರಂದು ತನಗೆ ವರ್ಗಾಯಿಸಿಕೊಂಡಿತು.

ಈಗ ಏನು ಮಾಡಬಹುದು?

ಆಟ ಇಷ್ಟವಿದ್ದರೆ ಹಣವಿಲ್ಲದ ಉಚಿತ ಚಿಪ್ಸ್ ಟೇಬಲ್‌ಗಳಿವೆ. ಸೀಟು ಆರಿಸುವುದು, ಎದುರಾಳಿಯ ನಡೆ ಓದುವುದು ಅಲ್ಲೂ ಕಲಿಯಬಹುದು. ಟೆಲಿಗ್ರಾಂ, ವಾಟ್ಸಾಪ್ ಲಿಂಕ್ ಕಳಿಸಿ ಕರೆಯುವ ವಿದೇಶಿ ಸೈಟ್‌ಗಳಿಂದ ದೂರವಿರಿ. ಅಲ್ಲಿ ಗೆದ್ದ ಹಣ ಕೈಗೆ ಬರದಿದ್ದರೆ ಕೇಳುವವರಿಲ್ಲ.

ಹಣ ಕಳೆದುಕೊಂಡು ವಂಚನೆ ಎನಿಸಿದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಟ ಬಿಡಲಾಗದೆ ಒದ್ದಾಡುತ್ತಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡಬಹುದು.