ಅಕ್ಕ ಸಲಹಿದ ಪವಾಡ: ಗಡಿಸೀಮೆಯ ಹಾಡುಗಳಲ್ಲಿ ಎಳೆಹರೆಯದ ಅತಿಮಾನುಷ ಶಕ್ತಿ

ಅತಿಮಾನುಷ ಶಕ್ತಿಯುಳ್ಳ ಹದಿಹರೆಯದವರ ಕಥೆ ಎಂದೊಡನೆ ಇಂದಿನ ಓದುಗರಿಗೆ ನೆನಪಾಗುವುದು 1963ರಲ್ಲಿ ಆರಂಭವಾದ ‘ಎಕ್ಸ್-ಮೆನ್’ ಚಿತ್ರಕಥೆಗಳು, 1997ರಲ್ಲಿ ಮೊದಲ ಪುಸ್ತಕ ಕಂಡ ಹ್ಯಾರಿ ಪಾಟರ್. ಹೀಗಾಗಿ ಇದನ್ನು ಹೊರಗಿನಿಂದ ಬಂದ ಪ್ರಕಾರವೆಂದೇ ತಿಳಿಯುವುದು ರೂಢಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಡೊಳ್ಳಿನ ಪದ ಕೇಳಿ ಬೆಳೆದವರು ಹಾಗೆ ತಿಳಿಯಲಾರರು. ಅಲ್ಲಿನ ಬೀರದೇವರ ಕಥೆ ಇಂಥದೇ ಒಬ್ಬ ಹುಡುಗನ ಕಥೆ. ಆ ಕಥೆ ಶಕ್ತಿಯನ್ನು ಯಾರ ಲೆಕ್ಕಕ್ಕೆ ಬರೆಯುತ್ತದೆ ಎಂಬುದನ್ನು ಗುರುತಿಸುವುದು ಈ ಟಿಪ್ಪಣಿಯ ಉದ್ದೇಶ.

ಕರ್ನಾಟಕದ ಕುರಿಗಾಹಿ ಹಾಲುಮತದವರು ಬೀರದೇವರ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರೆ. ಮಹಾರಾಷ್ಟ್ರದ ಕುರಿಗಾಹಿ ಧನಗರರು ಓವಿ ಎಂಬ ಮರಾಠಿ ಹಾಡುಗಳಲ್ಲಿ ಹಾಡುತ್ತಾರೆ. ಬೀರದೇವರು ಕನ್ನಡದಲ್ಲಿ ಬೀರಪ್ಪ, ಗಡಿ ದಾಟಿದರೆ ಬಿರೋಬಾ. ಜರ್ಮನ್ ವಿದ್ವಾಂಸ ಗುಂಥರ್ ಸೋಂಥೈಮರ್ ಧನಗರರ ದೈವಗಳನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥ ಈ ಮೌಖಿಕ ಪರಂಪರೆಯನ್ನು ವಿದ್ವತ್ ಲೋಕದ ಮುಂದಿಟ್ಟಿತು. 1989ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂತು. ಓವಿಯಲ್ಲಿ ಹಾಡಿದ ಭಾಗವನ್ನು ಮತ್ತೆ ಆಡುಮಾತಿನಲ್ಲಿ ಬಿಡಿಸಿ ಹೇಳುವ ಕ್ರಮವುಂಟು. ಇದರ ಪರಿಣಾಮ ಗಮನಿಸತಕ್ಕದ್ದು. ಹಾಡು ಪವಾಡವನ್ನು ಮೇಲಕ್ಕೆ ಎತ್ತುತ್ತದೆ. ಮಾತು ಅದನ್ನು ಕುರಿಹಟ್ಟಿಯ ನೆಲಕ್ಕೆ ತಂದು ನಿಲ್ಲಿಸುತ್ತದೆ. ಹೆಗಲ ಮೇಲೆ ಕರಿಕಂಬಳಿ ಹೊದ್ದ ಹಾಡುಗಾರ, ಒಂದು ಕಡೆ ಕೋಲು ಇನ್ನೊಂದು ಕಡೆ ಅಂಗೈ ಬೀಳುವ ಡೊಳ್ಳು, ಕಂಬಳಿಯ ಎಳೆಎಳೆಗೂ ಅಂಟಿದ ಭಂಡಾರವೆಂಬ ಅರಿಶಿನ ಪುಡಿ: ಇಷ್ಟರ ನಡುವೆ ಕೂತ ಮಕ್ಕಳಿಗೆ ದೇವರ ಬಾಲ್ಯ ತಮ್ಮ ಹಟ್ಟಿಯಲ್ಲೇ ಕಳೆದಂತೆ ಕೇಳಿಸುತ್ತದೆ.

ಪಾಠಗಳು ಹಲವು, ತಿರುಳು ಹೀಗೆ. ಬೀರಪ್ಪ ಸೂರವ್ವನ ಮಗ. ಸೋದರಮಾವನ ಭಯದಿಂದ ಹಸುಗೂಸು ಕಾಡು ಸೇರುತ್ತದೆ. ಅದನ್ನು ಎತ್ತಿಕೊಂಡು ಸಲಹುವವಳು ಅಕ್ಕ ಮಾಯವ್ವ. ಬೆಳೆದ ಹುಡುಗ ಮಾವನ ಮಗಳು ಕಾಮವ್ವನನ್ನೇ ಗೆದ್ದು ತರುತ್ತಾನೆ. ಕೇಳಿದವರಿಗೆ ದೇವಕಿ, ಕಂಸ, ಯಶೋದೆ ಕಣ್ಮುಂದೆ ಬರುವುದು ಸಹಜ. ಆದರೆ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ. ಕೃಷ್ಣ ಮಥುರೆಗೆ ಹೋದ ಮೇಲೆ ಯಶೋದೆ ಕಥೆಯ ಅಂಚಿಗೆ ಸರಿಯುತ್ತಾಳೆ. ಮಾಯವ್ವ ಸರಿಯುವುದಿಲ್ಲ. ತಮ್ಮನಷ್ಟೇ ದೊಡ್ಡ ದೈವವಾಗಿ ನಿಲ್ಲುತ್ತಾಳೆ.

ಇದಕ್ಕೆ ಹಾಡಿನಷ್ಟೇ ಗಟ್ಟಿಯಾದ ಸಾಕ್ಷಿ ಈ ಸೀಮೆಯ ನಕ್ಷೆ. ಬೀರದೇವರ ಹೆಸರಾಂತ ನೆಲೆಗಳಲ್ಲಿ ಆರೇವಾಡಿ ಸಾಂಗ್ಲಿ ಜಿಲ್ಲೆಯಲ್ಲಿದೆ, ಪಟ್ಟಣ ಕೋಡೋಲಿ ಕೊಲ್ಲಾಪುರ ಜಿಲ್ಲೆಯಲ್ಲಿದೆ. ಅಕ್ಕನ ನೆಲೆ ರಾಯಬಾಗ ತಾಲೂಕಿನ ಚಿಂಚಲಿ. ಮಾಘ ಮಾಸದ ಭಾರತ ಹುಣ್ಣಿಮೆಯ ಜಾತ್ರೆಗೆ ಮಹಾರಾಷ್ಟ್ರದ ಊರೂರುಗಳಿಂದ ಚಕ್ಕಡಿ ಕಟ್ಟಿಕೊಂಡು ಭಕ್ತರು ಬರುತ್ತಾರೆ. ಭಂಡಾರದಲ್ಲಿ ಊರು ಹಳದಿಯಾಗುತ್ತದೆ. 1956ರಲ್ಲಿ ಎಳೆದ ರಾಜ್ಯದ ಗೆರೆ ತಮ್ಮನ ಈ ನೆಲೆಗಳನ್ನು ಆಚೆಗೂ ಅಕ್ಕನ ನೆಲೆಯನ್ನು ಈಚೆಗೂ ಇಟ್ಟಿತು. ಜಾತ್ರೆ ಪ್ರತಿ ವರ್ಷ ಆ ಗೆರೆಯನ್ನು ದಾಟುತ್ತಲೇ ಇದೆ. ಪವಾಡ ಮಾಡಿದ ಹುಡುಗನಿಗೆ ಸಲ್ಲುವ ಭಕ್ತಿ, ಅವನನ್ನು ಸಾಕಿದವಳಿಗೂ ತೇರು ತುಂಬಾ ಸಲ್ಲುವ ಸಂಸ್ಕೃತಿ ಇದು.

ಶಕ್ತಿ ಯಾರದೆಂದು ತಿಳಿಯಲು ಎರಡು ನುಡಿಗಳನ್ನೂ ಇಲ್ಲಿ ಪರಿಶೀಲಿಸಬೇಕು. ಮೊದಲನೆಯದು ‘ಪವಾಡ’. ಕನ್ನಡದಲ್ಲಿ ಇದು ಅತಿಮಾನುಷ ಕಾರ್ಯ. ಮರಾಠಿಯ ‘ಪವಾಡಾ’ ಅಥವಾ ‘ಪೋವಾಡಾ’ ವೀರನನ್ನು ಕೊಂಡಾಡುವ ಹಾಡು. ಎರಡೂ ಭಾಷೆ ಆಡುವ ನಿಪ್ಪಾಣಿಯವನ ಕಿವಿಯಲ್ಲಿ ಕಾರ್ಯವೂ ಹಾಡೂ ಬಹುಮಟ್ಟಿಗೆ ಒಂದೇ ಸದ್ದು. ಊರು ಹಾಡಿದರೆ ಮಾತ್ರ ಶಕ್ತಿ ಶಕ್ತಿಯಾಗುತ್ತದೆ ಎಂಬ ಅರ್ಥ ಆ ಸದ್ದಿನಲ್ಲಿ ಕೇಳುತ್ತದೆ. ಎರಡನೆಯದು ‘ಮೈಯಾಗ ಬರೋದು’, ಎಂದರೆ ದೇವರು ಮನುಷ್ಯನ ಮೈಮೇಲೆ ಬರುವುದು. ದೇವರು ಮೈಯಾಗ ಬರುತ್ತಾನೆ, ಹೋಗುತ್ತಾನೆ. ಮೈ ಅವನಿಗೆ ತಂಗುದಾಣ. ನಿಪ್ಪಾಣಿ ತಾಲೂಕಿನ ಅಪ್ಪಾಚಿವಾಡಿಯಲ್ಲಿ ಹಾಲಸಿದ್ಧನಾಥ ಎಂಬ ದೈವದ ಜಾತ್ರೆಯ ಭಾಕಣೂಕವನ್ನು, ಎಂದರೆ ಮಳೆ ಬೆಳೆ ರಾಜಕೀಯದ ಭವಿಷ್ಯವಾಣಿಯನ್ನು, ಕೇಳುವ ಜನ ಅದನ್ನು ನಾಥನ ಮಾತೆಂದೇ ಸ್ವೀಕರಿಸುತ್ತಾರೆ. ನುಡಿದ ಮನುಷ್ಯ ಅದರ ಒಡೆಯನಲ್ಲ.

ಆಧುನಿಕ ಪ್ರಕಾರದೊಡನೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ಎಕ್ಸ್-ಮೆನ್ ಕಥೆಗಳಲ್ಲಿ ಶಕ್ತಿ ಹರೆಯದ ಜೊತೆ ಮೈಯೊಳಗಿಂದಲೇ ಎದ್ದು ಬರುತ್ತದೆ, ಸಮಾಜ ಅದಕ್ಕೆ ಹೆದರುತ್ತದೆ. ಹ್ಯಾರಿಯನ್ನು ಸಾಕಿದ ದೊಡ್ಡಮ್ಮ ಅವನ ಶಕ್ತಿಯನ್ನು ಮುಚ್ಚಿಡುತ್ತಾಳೆ. ಕಥೆಗೆ ರೆಕ್ಕೆ ಬರುವುದು ಆ ಮನೆ ಬಿಟ್ಟ ಮೇಲೆ. ‘ನಾನು ಯಾರು’ ಎಂಬುದು ಅಲ್ಲಿನ ಮೂಲ ಪ್ರಶ್ನೆ. ಬೀರಪ್ಪನ ಹಾಡು ಅದರ ಪಕ್ಕದಲ್ಲೇ ‘ನನ್ನನ್ನು ಸಾಕಿದವರು ಯಾರು’ ಎಂದು ಕೇಳುತ್ತದೆ. ಶಕ್ತಿ ಇಲ್ಲಿ ಋಣದ ಜೊತೆಗೇ ಹುಟ್ಟುತ್ತದೆ.

ಕನ್ನಡದ ಎಳೆಯರಿಗಾಗಿ ಇಂಥ ಕಾದಂಬರಿ ಬರೆಯಹೊರಟವರಿಗೆ ಈ ಹಾಡುಗಳು ದೊಡ್ಡ ಆಸ್ತಿ. ಬೀರಪ್ಪನನ್ನು ಮಾತ್ರ ಎತ್ತಿಕೊಂಡರೆ ಇನ್ನೊಬ್ಬ ವೀರ ಸಿಕ್ಕಾನು. ಮಾಯವ್ವನನ್ನೂ ಜೊತೆಗೆ ಕರೆದರೆ ಹೊಸದೊಂದು ಕಥನ ಸಿಕ್ಕೀತು: ಗಾಳಿಯಲ್ಲಿ ಹಾರಬಲ್ಲ ಹುಡುಗ, ಅವನು ಇಳಿದು ಬರುವ ಹೊತ್ತಿಗೆ ರೊಟ್ಟಿ ಬಡಿಯುತ್ತಾ ಕಾದಿರುವ ಅಕ್ಕ. ಅವಳ ಕೈಯಲ್ಲೂ ಅಷ್ಟೇ ಶಕ್ತಿಯಿದೆ ಎಂದು ಚಿಂಚಲಿಯ ಭಂಡಾರ ಎಂದೋ ಹೇಳಿಬಿಟ್ಟಿದೆ.