ಬೆನ್ನ ಹಿಂದೆ ಹೋದ ಕ್ಯಾಮೆರಾ: ಘೋಸ್ಟ್ ರಿಕಾನ್ ಕಥೆ

ಬಿಜಿಎಂಐ ಆಡೋರಿಗೆ ಟಿಪಿಪಿ, ಎಫ್‌ಪಿಪಿ ಅಂದ್ರೇನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಒಂದರಲ್ಲಿ ಕ್ಯಾಮೆರಾ ನಿಮ್ಮ ಆಟಗಾರನ ಬೆನ್ನ ಹಿಂದೆ, ಇನ್ನೊಂದರಲ್ಲಿ ಅವನ ಕಣ್ಣಲ್ಲೇ. ಮ್ಯಾಚ್‌ಗೆ ಮುಂಚೆ ಒಂದು ಬಟನ್ ಒತ್ತಿದ್ರೆ ಆಯ್ತು. ಆದ್ರೆ ಒಂದು ಇಡೀ ಗೇಮ್ ಸರಣಿಯೇ ಕಣ್ಣಿಂದ ಬೆನ್ನ ಹಿಂದಕ್ಕೆ ಹೋದ್ರೆ ಏನಾಗುತ್ತೆ? ಇವತ್ತಿನ ಕಥೆ ಅದೇ. ಸರಣಿಯ ಹೆಸರು ಘೋಸ್ಟ್ ರಿಕಾನ್.

1996ರಲ್ಲಿ ಅಮೆರಿಕದ ಕಾದಂಬರಿಕಾರ ಟಾಮ್ ಕ್ಲಾನ್ಸಿ ಇತರರ ಜೊತೆ ಸೇರಿ ರೆಡ್ ಸ್ಟಾರ್ಮ್ ಅನ್ನೋ ಕಂಪನಿ ಶುರು ಮಾಡಿದ್ರು. 2000ದಲ್ಲಿ ಫ್ರಾನ್ಸ್‌ನ ಯೂಬಿಸಾಫ್ಟ್ ಅದನ್ನ ಕೊಂಡುಕೊಳ್ತು. 2001ರಲ್ಲಿ ಮೊದಲ ಘೋಸ್ಟ್ ರಿಕಾನ್ ಬಂತು. ಅದರ ಕಥೆ ಶುರುವಾಗೋದು 2008ರಲ್ಲಿ, ಜಾರ್ಜಿಯಾ ದೇಶದಲ್ಲಿ, ರಷ್ಯಾದ ವಿರುದ್ಧ. ವಿಚಿತ್ರ ನೋಡಿ, 2008ರ ಆಗಸ್ಟ್‌ನಲ್ಲಿ ಅಲ್ಲಿ ನಿಜವಾಗಿಯೂ ರಷ್ಯಾ-ಜಾರ್ಜಿಯಾ ಯುದ್ಧ ಆಯ್ತು!

ಆ ಮೊದಲ ಗೇಮ್ ಫಸ್ಟ್ ಪರ್ಸನ್. ಅದರಲ್ಲೂ ಒಂದು ವಿಶೇಷ: ಸ್ಕ್ರೀನ್ ಮೇಲೆ ಕೈಯೂ ಕಾಣಲ್ಲ, ಗನ್ನೂ ಕಾಣಲ್ಲ, ಗುರಿ ತೋರಿಸೋ ಗೆರೆಗಳು ಮಾತ್ರ. ನಿಮ್ಮ ಕೈಯಲ್ಲಿ ಆರು ಸೈನಿಕರವರೆಗೆ, ಮೂರು ತಂಡಗಳು. ಒಬ್ಬನಿಂದ ಇನ್ನೊಬ್ಬನಿಗೆ ಹಾರಬಹುದು. ಯಾರಾದ್ರೂ ಸತ್ತರೆ ಮುಂದಿನ ಮಿಷನ್‌ಗೂ ಅವನು ವಾಪಸ್ ಬರಲ್ಲ. ಅಂದ್ರೆ ಇಲ್ಲಿ ಹೀರೋ ಒಬ್ಬನಲ್ಲ, ಇಡೀ ತಂಡ.

2004ರಲ್ಲಿ ಘೋಸ್ಟ್ ರಿಕಾನ್ 2 ಬಂತು, ಈ ಸಲ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ 2ರಂಥ ಕನ್ಸೋಲ್‌ಗಳಿಗೆ. ಕ್ಯಾಮೆರಾ ಭುಜದ ಹಿಂದಕ್ಕೆ ಹೋಯ್ತು. ಕಾರಣ ಊಹಿಸೋದು ಕಷ್ಟ ಅಲ್ಲ. ದೂರದ ಟಿವಿ ನೋಡ್ತಾ, ಹೆಬ್ಬೆರಳಲ್ಲಿ ಕಡ್ಡಿ ತಿರುಗಿಸ್ತಾ ಆಡುವಾಗ ನಾನು ಗೋಡೆಯ ಮರೆಯಲ್ಲಿ ಇದ್ದೀನಾ, ಮಂಡಿ ಹೊರಗೆ ಕಾಣ್ತಿದೆಯಾ ಅಂತ ಫಸ್ಟ್ ಪರ್ಸನ್‌ನಲ್ಲಿ ಗೊತ್ತಾಗಲ್ಲ. ಹಿಂದಿನಿಂದ ನೋಡಿದ್ರೆ ತಕ್ಷಣ ಗೊತ್ತಾಗುತ್ತೆ.

ಆದ್ರೆ ಇದರ ಜೊತೆಗೇ ಇನ್ನೊಂದು ಬದಲಾವಣೆ ಆಯ್ತು. ಬೆನ್ನು ಕಾಣಬೇಕಾದ್ರೆ ಆ ಬೆನ್ನು ಒಬ್ಬನದ್ದಾಗಿರಬೇಕು. ಇಲ್ಲಿ ಆ ಒಬ್ಬ ಕ್ಯಾಪ್ಟನ್ ಸ್ಕಾಟ್ ಮಿಚೆಲ್. ಇನ್ನು ಬೇರೆ ಸೈನಿಕರ ಮೈಗೆ ಹಾರೋ ಹಾಗಿಲ್ಲ, ಅವರಿಗೆ ಆಜ್ಞೆ ಕೊಡಬಹುದು ಅಷ್ಟೇ. ಆರು ಜನರ ಆಟ ಒಬ್ಬನ ಆಟ ಆಯ್ತು.

2006ರಲ್ಲಿ ಬಂದ ಅಡ್ವಾನ್ಸ್ಡ್ ವಾರ್‌ಫೈಟರ್‌ನಲ್ಲಂತೂ ಒಂದೇ ಹೆಸರಲ್ಲಿ ಎರಡು ಆಟ. ಎಕ್ಸ್‌ಬಾಕ್ಸ್ 360ನಲ್ಲಿ ಭುಜದ ಹಿಂದಿನ ಕ್ಯಾಮೆರಾ. ಪಿಸಿಗೆ ಸ್ವೀಡನ್‌ನ ಗ್ರಿನ್ ಕಂಪನಿ ಬೇರೆಯದೇ ಮಾಡ್ತು, ಫಸ್ಟ್ ಪರ್ಸನ್‌ನಲ್ಲಿ, ಹಳೇ ಅಭಿಮಾನಿಗಳಿಗೆ ಹತ್ತಿರವಾಗಿ. ಆ ವರ್ಷ ಬ್ರಿಟನ್‌ನ ಬಾಫ್ಟಾ ಅತ್ಯುತ್ತಮ ಗೇಮ್ ಪ್ರಶಸ್ತಿಯೂ ಅಡ್ವಾನ್ಸ್ಡ್ ವಾರ್‌ಫೈಟರ್‌ಗೇ ಬಂತು. 2012ರ ಫ್ಯೂಚರ್ ಸೋಲ್ಜರ್ ಹೊತ್ತಿಗೆ ಪಿಸಿಯಲ್ಲೂ ಥರ್ಡ್ ಪರ್ಸನ್. ಜಗಳ ಅಲ್ಲಿಗೆ ಮುಗೀತು.

ಈಗ ಕಾಮರ್ಸ್ ಓದಿದವನ ಲೆಕ್ಕ ಕೇಳಿ. ಮೈ ಕಾಣದ ಆಟದಲ್ಲಿ ಬಟ್ಟೆಗೆ ಬೆಲೆ ಎಲ್ಲಿ? ಮೈ ಕಂಡರೆ ಅದೇ ಅಂಗಡಿಯ ಶೋಕೇಸ್. 2017ರ ವೈಲ್ಡ್‌ಲ್ಯಾಂಡ್ಸ್‌ನಲ್ಲಿ ಟೋಪಿ, ಗಡ್ಡ, ಜಾಕೆಟ್ ಎಲ್ಲ ನಮ್ಮಿಷ್ಟ. 2019ರ ಬ್ರೇಕ್‌ಪಾಯಿಂಟ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳೋ ವಸ್ತುಗಳ ಬಗ್ಗೆ ಆಟಗಾರರು ಸಿಟ್ಟಾದ್ರು. 2021ರ ಡಿಸೆಂಬರ್‌ನಲ್ಲಿ ಅದೇ ಆಟಕ್ಕೆ ಎನ್‌ಎಫ್‌ಟಿ ತಂದ್ರು: ಸೀರಿಯಲ್ ನಂಬರ್ ಇರೋ ಹೆಲ್ಮೆಟ್, ಪ್ಯಾಂಟ್, ಗನ್! ಮರುವರ್ಷದ ಏಪ್ರಿಲ್‌ನಲ್ಲೇ ಬ್ರೇಕ್‌ಪಾಯಿಂಟ್‌ಗೆ ಇನ್ನು ಹೊಸ ಕಂಟೆಂಟ್ ಬರಲ್ಲ ಅಂತ ಯೂಬಿಸಾಫ್ಟ್ ಹೇಳ್ತು. ಕೊಂಡವರ ಕೈಲಿ ನಂಬರ್ ಉಳೀತು.

ಹಾಗಂತ ಥರ್ಡ್ ಪರ್ಸನ್ ಕೆಟ್ಟದ್ದು ಅಂತಲ್ಲ. ಮರೆಯಲ್ಲಿ ಕೂತು ಸುತ್ತ ನೋಡೋ ಮಜಾನೇ ಬೇರೆ, ಟಿಪಿಪಿ ಆಡೋರಿಗೆ ಅದು ಗೊತ್ತು. ನಾನು ಹೇಳೋದಿಷ್ಟೇ: ಕ್ಯಾಮೆರಾ ಎಲ್ಲಿಡಬೇಕು ಅನ್ನೋದು ಬರೀ ತಾಂತ್ರಿಕ ವಿಷಯ ಅಲ್ಲ. ಆಟದಲ್ಲಿ ಎಷ್ಟು ಜನ ಮುಖ್ಯ, ಏನನ್ನ ಮಾರಬಹುದು ಅನ್ನೋದೂ ಅದರ ಜೊತೆಗೇ ತೀರ್ಮಾನ ಆಗುತ್ತೆ. ಮುಂದಿನ ಸಲ ಹೊಸ ಸ್ಕಿನ್‌ಗೆ ಯುಪಿಐ ಪಿನ್ ಒತ್ತೋ ಮುಂಚೆ ಇದೊಂದು ನೆನಪಿರಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.