ಗಡಿ ಬಂದ ಮೇಲೆ ಕಾಗಿಣಾ

ವಾಡಿ ಜಂಕ್ಷನ್‌ನಲ್ಲಿ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಹತ್ತಿದರೆ ಚಿತ್ತಾಪುರ, ಸೇಡಂ ದಾಟಿ ತಾಂಡೂರು ಬರುತ್ತದೆ. ನಡುವೆ ರಾಜ್ಯದ ಗಡಿ ದಾಟಿದ್ದು ನಿಮಗೆ ತಿಳಿಯುವುದೇ ಇಲ್ಲ. ನೆಲದ ಹಾಸುಗಲ್ಲೂ ಒಂದೇ ಬಗೆಯದು. ಈಚೆ ಅದು ಶಹಾಬಾದ್ ಕಲ್ಲು, ಆಚೆ ತಾಂಡೂರು ಕಲ್ಲು. ಕಾಗಿಣಾ ನದಿ ಬರುವುದು ಆ ಕಡೆಯಿಂದಲೇ. ಚಿಂಚೋಳಿಯ ಮುಲ್ಲಾಮಾರಿಯೂ ಅದನ್ನು ಕೂಡುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇದರ ದಂಡೆಯಲ್ಲೇ ಇದೆ. ಮುಂದೆ ಶಹಾಬಾದಿನ ಸಮೀಪ, ಹೊನಗುಂಟದಲ್ಲಿ, ಕಾಗಿಣಾ ಭೀಮೆಗೆ ಸೇರುತ್ತದೆ.

1956ರ ಅಕ್ಟೋಬರ್ ಮುಗಿಯುವವರೆಗೆ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಗುಲ್ಬರ್ಗ ಜಿಲ್ಲೆಯಲ್ಲೇ ಇದ್ದವು. ಮೇಲಿನ ಊರಿಗೂ ಕೆಳಗಿನ ಊರಿಗೂ ನೀರಿನ ತಕರಾರು ಬಂದರೆ ಕೇಳಬೇಕಾದದ್ದು ಹೈದರಾಬಾದ್ ಸರ್ಕಾರವೊಂದನ್ನೇ. ನವೆಂಬರ್ 1ರಂದು ಆ ಎರಡು ತಾಲ್ಲೂಕು ಆಂಧ್ರಪ್ರದೇಶಕ್ಕೆ ಹೋದವು, ಉಳಿದ ಜಿಲ್ಲೆ ಮೈಸೂರಿಗೆ ಬಂತು. ನದಿ ತನ್ನ ಪಾತ್ರ ಬದಲಿಸಲಿಲ್ಲ, ಆದರೆ ಅಂತರರಾಜ್ಯ ನದಿಯಾಯಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯೂ ಅಂತರರಾಜ್ಯ ಜಲವಿವಾದ ಕಾಯ್ದೆಯೂ ಅದೇ ವರ್ಷದ ಆಗಸ್ಟಿನಲ್ಲಿ ಬಂದವೆಂಬುದನ್ನು ಗಮನಿಸಿ.

ಹಾಗಾದರೆ ಮೇಲಿದ್ದವನದೇ ನೀರೇ? 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ರಿಯೊ ಗ್ರಾಂಡೆ ನದಿಯ ವಿಷಯದಲ್ಲಿ ಹೆಚ್ಚು ಕಡಿಮೆ ಹಾಗೆಯೇ ಹೇಳಿದ: ತಮ್ಮ ನೆಲದ ನೀರಿಗೆ ಮೆಕ್ಸಿಕೋಗೆ ಲೆಕ್ಕ ಕೊಡಬೇಕಿಲ್ಲ! ಆದರೆ 1906ರಲ್ಲಿ ಅದೇ ಅಮೆರಿಕ ವರ್ಷಕ್ಕೆ 60,000 ಎಕರೆ-ಅಡಿ ನೀರು ಬಿಡಲು ಒಪ್ಪಂದ ಮಾಡಿಕೊಂಡಿತು. 1966ರ ಹೆಲ್ಸಿಂಕಿ ನಿಯಮಗಳು ಪ್ರತಿ ದೇಶಕ್ಕೂ ನ್ಯಾಯವಾದ ಪಾಲು ಎಂದವು. ಇವು ದೇಶ ದೇಶಗಳ ನಡುವಿನ ಮಾತು. ನಮ್ಮ ರಾಜ್ಯಗಳ ಜಗಳವೂ ನಿಂತದ್ದು ನ್ಯಾಯವಾದ ಪಾಲು ಯಾವುದೆಂಬ ಪ್ರಶ್ನೆಯ ಮೇಲೆಯೇ.

1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪಿತ್ತು, 1976ರಲ್ಲಿ ಅದನ್ನು ಅಂತಿಮಗೊಳಿಸಿತು. ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈ ದೊಡ್ಡ ಅಂಕಿಗಳನ್ನು ಎಲ್ಲರೂ ಬಲ್ಲರು. ಅದೇ ತೀರ್ಪಿನೊಳಗೆ ಒಂದು ಪುಟ್ಟ ಷರತ್ತಿದೆ: ತನ್ನ ಭಾಗದ ಕಾಗಿಣಾ ಜಲಾನಯನದಿಂದ ಆಂಧ್ರವು ವರ್ಷಕ್ಕೆ 6 ಟಿಎಂಸಿಗಿಂತ ಹೆಚ್ಚು ಬಳಸಕೂಡದು. ಸೇಡಂ, ಚಿತ್ತಾಪುರದವರಿಗೆ ದೊಡ್ಡ ಅಂಕಿಗಳಷ್ಟೇ ಮುಖ್ಯವಾದ ಅಂಕಿ ಇದು. ಆದರೆ ಇದು ವರ್ಷದ ಲೆಕ್ಕ. ಬೇಸಿಗೆಯಲ್ಲಿ ಎಷ್ಟು ಹರಿಯಬೇಕೆಂದು ಅದು ಹೇಳುವುದಿಲ್ಲ. ಅದೇ ತೀರ್ಪು ಭೀಮೆಯ ಮುಖ್ಯ ಹರಿವಿನಿಂದ 15 ಟಿಎಂಸಿಗಿಂತ ಹೆಚ್ಚು ಎತ್ತಬಾರದೆಂದು ನಮ್ಮ ಕೈಯನ್ನೂ ಕಟ್ಟಿತು.

ಭೂಪಟ ತೆರೆದು ನೋಡಿ. ತಾಂಡೂರಿನ ನೆಲ 2014ರಿಂದ ತೆಲಂಗಾಣದ್ದು. ಕಾಗಿಣೆಯಲ್ಲಿ ಅವರು ಮೇಲಿನವರು, ನಾವು ಕೆಳಗಿನವರು. ಅದೇ ನೀರು ಭೀಮೆಯೊಡನೆ ಕೃಷ್ಣೆಗೆ ಬಿದ್ದು ರಾಯಚೂರಿನ ಗಡಿ ದಾಟುವಾಗ ನಾವು ಮೇಲಿನವರು, ಅವರು ಕೆಳಗಿನವರು.